ಹೊಟ್ಟೆಯ ಹುಣ್ಣಿಗೆ ಬೇರು–ಬೀಜ: ಎಷ್ಟು ಮದ್ದು, ಎಷ್ಟು ನಂಬಿಕೆ

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಂಥ ಊರಿನಲ್ಲಿ ಎದೆಯುರಿಗೆ ಮೊದಲ ಔಷಧಿ ಅಡುಗೆಮನೆಯಲ್ಲೇ ಸಿಗುತ್ತದೆ. ಜೀರಿಗೆ ಕಷಾಯ, ಶುಂಠಿ ಜಜ್ಜಿ ಹಾಕಿದ ಮಜ್ಜಿಗೆ, ತಣ್ಣನೆಯ ರಾಗಿ ಅಂಬಲಿ. ಅದಕ್ಕೆ ಬಗ್ಗದಿದ್ದರೆ ಪೇಟೆಯ ಮೆಡಿಕಲ್ ಸ್ಟೋರಿನಿಂದ ಆಮ್ಲ ತಗ್ಗಿಸುವ ಮಾತ್ರೆ. ತಿಂಗಳುಗಟ್ಟಲೆ ನುಂಗಿಯೂ ನೋವು ಮರಳಿ ಬಂದರೆ ಬೆಂಗಳೂರಿನ ಆಸ್ಪತ್ರೆ, ಎಂಡೋಸ್ಕೋಪಿ, ಕೊನೆಗೆ ಚೀಟಿಯ ಮೇಲೆ ‘ಎಚ್. ಪೈಲೋರಿ ಪಾಸಿಟಿವ್’ ಎಂಬ ಬರಹ. ಅದರ ಬೆನ್ನಿಗೇ ಹದಿನಾಲ್ಕು ದಿನ, ಹೊತ್ತು ಹೊತ್ತಿಗೆ, ಅಂಗೈ ತುಂಬುವಷ್ಟು ಮಾತ್ರೆ. ಈ ಹಂತಕ್ಕೆ ಬಂದವರು ಕೇಳುವುದು ಬಹುಮಟ್ಟಿಗೆ ಒಂದೇ ಪ್ರಶ್ನೆ: ‘ಬ್ಯಾಕ್ಟೀರಿಯಾ ಅಂದ್ರೆ ಒಂಥರಾ ಹುಳ ತಾನೆ ಸಾರ್, ಅದನ್ನ ಸಾಯ್ಸೋಕೆ ನಾಟಿ ಔಷಧಿ ಇಲ್ವಾ?’

ಕೇಳಬೇಕಾದ ಪ್ರಶ್ನೆಯೇ ಇದು. ಜಗತ್ತಿನ ಹತ್ತಾರು ಪ್ರಯೋಗಾಲಯಗಳು ಇದನ್ನೇ ಹಿಡಿದು ಮೂರು ದಶಕ ಕಳೆದಿವೆ. ಬೆಳ್ಳುಳ್ಳಿ, ಅರಿಶಿನ, ಶುಂಠಿ, ಅತಿಮಧುರ, ಕರಿಜೀರಿಗೆ, ಬ್ರೊಕೋಲಿ, ಗ್ರೀಸಿನ ಒಂದು ಮರದ ಗೋಂದು, ಎಲ್ಲವೂ ಪರೀಕ್ಷೆಗೆ ಕೂತು ಎದ್ದಿವೆ. ಅವುಗಳ ಫಲಿತಾಂಶ ಓದುತ್ತ ಹೋದರೆ ಉತ್ತರ ಎರಡು ತುಂಡಾಗಿ ಕಾಣುತ್ತದೆ. ಬ್ಯಾಕ್ಟೀರಿಯಾವನ್ನು ಕೊಲ್ಲುವ ಕೆಲಸದಲ್ಲಿ ಗಿಡದ ಸತ್ವಗಳು ಒಂಟಿಯಾಗಿ ಗೆದ್ದದ್ದು ತೀರಾ ಅಪರೂಪ. ಹೊಟ್ಟೆಯ ಗೋಡೆಯನ್ನು ಕಾಯುವ ಕೆಲಸದಲ್ಲಿ ಅವಕ್ಕೆ ಹೆಚ್ಚಿನ ಕಸುವು ಇರುವಂತಿದೆ. ಆದರೆ ಈ ಕಾಯುವ ಕೆಲಸದ ಬಗ್ಗೆ ಪ್ರಶ್ನೆ ಕೇಳಿದವರು ಕಡಿಮೆ. ಕೇಳಿದವರಲ್ಲಿ ಮುಖ್ಯರಾದ ಒಬ್ಬರು ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾಗಿದ್ದರು. ಅವರ ಕೆಲಸ ಕೊನೆಗೆ ಬಂದು ನಿಂತದ್ದು ನಮ್ಮ ಹುರುಳಿಯ ಬಳಿ.

ಮೊದಲು ಬ್ಯಾಕ್ಟೀರಿಯಾದ ವಿಷಯ. ಹೊಟ್ಟೆಯ ಆಮ್ಲದಲ್ಲಿ ಯಾವ ಜೀವಿಯೂ ಬಾಳದು ಎಂದು ವೈದ್ಯಶಾಸ್ತ್ರ ಬಹುಕಾಲ ನಂಬಿತ್ತು. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಆ ನಂಬಿಕೆಯನ್ನು ಮುರಿದರು. ಜನ ಒಪ್ಪದಿದ್ದಾಗ ಮಾರ್ಷಲ್ 1984ರಲ್ಲಿ ತಾವೇ ಬ್ಯಾಕ್ಟೀರಿಯಾದ ದ್ರಾವಣ ಕುಡಿದು ಜಠರದ ಉರಿಯೂತ ಬರಿಸಿಕೊಂಡು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಈ ಸುರುಳಿ ಜೀವಿ ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಳ್ಳುತ್ತದೆ, ಅದರಿಂದ ತನ್ನ ಸುತ್ತಲಿನ ಆಮ್ಲವನ್ನು ಸಪ್ಪೆ ಮಾಡಿಕೊಳ್ಳುತ್ತದೆ. ಬಾಲದಂಥ ಎಳೆಗಳಿಂದ ಈಜಿ ಲೋಳೆ ಪದರದ ಅಡಿಗೆ ಇಳಿದು, ಜೀವಕೋಶಗಳಿಗೆ ಅಂಟಿಕೊಂಡು ಕೂರುತ್ತದೆ. ಸಾಮಾನ್ಯವಾಗಿ ಎಳವೆಯಲ್ಲೇ, ಮನೆಯವರಿಂದಲೇ ಬರುತ್ತದೆ. ತಾನಾಗಿ ಹೋಗುವುದು ವಿರಳ. ಭಾರತದ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಹೊಟ್ಟೆಯಲ್ಲಿ ಇದಿದೆ. ಇದ್ದವರೆಲ್ಲರಿಗೂ ಸ್ವಲ್ಪವಾದರೂ ಉರಿಯೂತ ಇರುತ್ತದೆ, ಆದರೆ ಹುಣ್ಣಾಗುವುದು ಹತ್ತರಲ್ಲಿ ಒಬ್ಬರಿಗೋ ಸ್ವಲ್ಪ ಹೆಚ್ಚು ಮಂದಿಗೋ ಮಾತ್ರ. ಕ್ಯಾನ್ಸರ್ ನೂರರಲ್ಲಿ ಒಬ್ಬಿಬ್ಬರಿಗೆ. ಆ ಒಬ್ಬಿಬ್ಬರ ಕಾರಣಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲಿ ಇದನ್ನು ಮೊದಲ ದರ್ಜೆಯ ಕ್ಯಾನ್ಸರ್‌ಕಾರಕ ಎಂದು ಸಾರಿತು.

ಇದ್ದವರಲ್ಲಿ ಹೆಚ್ಚಿನವರಿಗೆ ಹುಣ್ಣಾಗುವುದಿಲ್ಲ ಎಂಬ ಸಂಗತಿಯನ್ನು ಓದುಗರು ಗಂಟು ಹಾಕಿಟ್ಟುಕೊಳ್ಳಲಿ, ಮುಂದೆ ಬೇಕಾಗುತ್ತದೆ.

ಇಂಗ್ಲಿಷ್ ಔಷಧಿಯೇ ಸಲೀಸಾಗಿ ಕೆಲಸ ಮಾಡಿದ್ದರೆ ಗಿಡಮೂಲಿಕೆಯ ಹುಡುಕಾಟ ಇಷ್ಟು ಬೆಳೆಯುತ್ತಿರಲಿಲ್ಲ. ಆಮ್ಲ ತಗ್ಗಿಸುವ ಒಂದು ಮಾತ್ರೆ, ಎರಡು ಆಂಟಿಬಯೋಟಿಕ್, ಹಲವು ಕಡೆ ಬಿಸ್ಮತ್ ಎಂಬ ಲೋಹದ ಲವಣ, ಇಷ್ಟನ್ನು ಎರಡು ವಾರ ತಪ್ಪದೆ ನುಂಗಬೇಕು. ಬಾಯಿ ಕಹಿ, ವಾಕರಿಕೆ, ಭೇದಿ. ನಾಲ್ಕು ದಿನಕ್ಕೆ ನೋವು ಇಳಿದೊಡನೆ ಬಿಟ್ಟುಬಿಡುವವರೇ ಬಹಳ. ಅದಕ್ಕಿಂತ ದೊಡ್ಡ ತೊಡಕು ಬ್ಯಾಕ್ಟೀರಿಯಾ ಔಷಧಿಗೆ ಮೊಂಡು ಬೀಳುವುದು. ದೇಶದ ಬೇರೆ ಬೇರೆ ಕೇಂದ್ರಗಳ ಮಾದರಿಗಳನ್ನು ಸೇರಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೆಟ್ರೊನಿಡಜೋಲ್‌ಗೆ ಬಗ್ಗದ ತಳಿಗಳು ಶೇ. 78ರ ಹತ್ತಿರ, ಕ್ಲಾರಿಥ್ರೊಮೈಸಿನ್‌ಗೆ ಬಗ್ಗದವು ಶೇ. 45ರ ಹತ್ತಿರ ಇದ್ದವು. ಭೇದಿಯಾದಾಗಲೆಲ್ಲ ಚೀಟಿಯಿಲ್ಲದೆ ಮೆಟ್ರೊನಿಡಜೋಲ್ ಕೊಂಡು ನುಂಗುವ ದೇಶದಲ್ಲಿ ಇದೇನೂ ಅಚ್ಚರಿಯಲ್ಲ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಔಷಧಿ ತುರ್ತಾಗಿ ಬೇಕಾದ ಬ್ಯಾಕ್ಟೀರಿಯಾಗಳ ಪಟ್ಟಿ ಮಾಡಿದಾಗ ಕ್ಲಾರಿಥ್ರೊಮೈಸಿನ್‌ಗೆ ಬಗ್ಗದ ಪೈಲೋರಿಯೂ ಅದರಲ್ಲಿತ್ತು.

ಹೊಟ್ಟೆಗೆ ಬೇರಿನ ಮದ್ದು ಎಂಬುದು ನಮ್ಮಲ್ಲಿ ಹಳೆಯ ಮಾತು. ಮಾಧವ ನಿದಾನ ಎಂಬ ಆಯುರ್ವೇದ ಗ್ರಂಥದಲ್ಲಿ ಅಮ್ಲಪಿತ್ತಕ್ಕೂ ಪರಿಣಾಮಶೂಲಕ್ಕೂ ಬೇರೆಬೇರೆ ವಿವರಣೆಯಿದೆ. ಉಂಡದ್ದು ಅರಗುವ ಹೊತ್ತಿಗೆ ಏಳುವ ನೋವು ಎಂದು ಹೇಳುವ ಎರಡನೆಯದು ಸಣ್ಣ ಕರುಳಿನ ಮೊದಲ ಭಾಗದ ಹುಣ್ಣನ್ನು ಬಹಳ ಹೋಲುತ್ತದೆ. ರಾಜಘಟ್ಟದಲ್ಲೇ ನಿಂತು ಇನ್ನೂ ಹಿಂದಕ್ಕೆ ನೋಡಬಹುದು. 2001 ಮತ್ತು 2004ರಲ್ಲಿ ಮೈಸೂರು ವಿಶ್ವವಿದ್ಯಾಲಯದ ತಂಡ ಇಲ್ಲಿ ಅಗೆದು ಬೌದ್ಧ ವಿಹಾರ, ಚೈತ್ಯಗಳ ಅಡಿಪಾಯವನ್ನೂ ಜೇಡಿಮಣ್ಣಿನ ಪುಟ್ಟ ಹರಕೆ ಸ್ತೂಪಗಳನ್ನೂ ಹೊರತೆಗೆಯಿತು. ಬೌದ್ಧ ಭಿಕ್ಷುಗಳಿಗೆ ಏನನ್ನು ಇಟ್ಟುಕೊಳ್ಳಬಹುದು, ಏನನ್ನು ಕೂಡದು ಎಂದು ವಿಧಿಸುವ ಪಾಲಿ ವಿನಯ ಪಿಟಕದಲ್ಲಿ ಔಷಧಿಗೇ ಒಂದು ಅಧ್ಯಾಯವಿದೆ. ಅರಿಶಿನ, ಶುಂಠಿ, ಬಜೆ, ಅತಿವಿಷ, ಕಟುಕರೋಹಿಣಿ, ಲಾವಂಚ, ಕೊನ್ನಾರಿ ಗಡ್ಡೆ, ಈ ಬೇರುಗಳನ್ನು ಭಿಕ್ಷು ಜೀವನಪೂರ್ತಿ ಜೊತೆಗಿಟ್ಟುಕೊಳ್ಳಬಹುದು. ಬೆಳ್ಳುಳ್ಳಿ ಮಾತ್ರ ನಿಷಿದ್ಧ. ಬುದ್ಧನ ಶಿಷ್ಯ ಸಾರಿಪುತ್ತನಿಗೆ ಹೊಟ್ಟೆಯಲ್ಲಿ ವಾಯು ಎದ್ದಾಗ, ಮೊದಲು ಹೀಗಾದಾಗ ಯಾವುದರಿಂದ ವಾಸಿಯಾಗಿತ್ತು ಎಂದು ಇನ್ನೊಬ್ಬ ಶಿಷ್ಯ ಮೊಗ್ಗಲ್ಲಾನ ಕೇಳುತ್ತಾನೆ. ಬೆಳ್ಳುಳ್ಳಿಯಿಂದ ಎಂದು ಉತ್ತರ. ಕಾಯಿಲೆಯವರಿಗೆ ಬೆಳ್ಳುಳ್ಳಿ ಆಗಬಹುದು ಎಂದು ಬುದ್ಧ ಆಗ ನಿಯಮ ಸಡಿಲಿಸಿದನಂತೆ. ಮಠದ ಶಿಸ್ತೂ ಹೊಟ್ಟೆನೋವಿನ ಮುಂದೆ ಬಾಗಿದ ಪ್ರಸಂಗ ಇದು.

ಈ ಹಳೆಯ ಪಟ್ಟಿಯ ಮೊದಲ ಎರಡು ಬೇರುಗಳು ಇಂದಿನ ಪ್ರಯೋಗಾಲಯದಲ್ಲೂ ಮುಂದಿವೆ. ಇಂಗ್ಲೆಂಡಿನ ಸಂಶೋಧಕರು 2005ರಲ್ಲಿ 25 ಅಡುಗೆ ಮತ್ತು ಔಷಧಿ ಸಸ್ಯಗಳನ್ನು ನೀರಿನಲ್ಲಿ ಕುದಿಸಿ, ಅಂದರೆ ಕಷಾಯ ಮಾಡಿ, ಪೈಲೋರಿಯ ಮೇಲೆ ಹಾಕಿ ನೋಡಿದರು. ಕೊಲ್ಲುವುದರಲ್ಲಿ ಅರಿಶಿನ ಮೊದಲು, ಆಮೇಲೆ ಜೀರಿಗೆ, ಶುಂಠಿ, ಮೆಣಸಿನಕಾಯಿ. ನಮ್ಮ ಸಾರಿನ ಪುಡಿಯ ಡಬ್ಬಿಯನ್ನೇ ಅಲ್ಲಿಗೆ ಕಳಿಸಿದ್ದರೂ ಫಲಿತಾಂಶ ಬಹಳ ಬೇರೆಯಾಗುತ್ತಿರಲಿಲ್ಲ.

ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನಲ್ಲಿ ಶೈಲಜಾ ಧರ್ಮೇಶ್ ಮತ್ತು ಅವರ ವಿದ್ಯಾರ್ಥಿಗಳು ಇನ್ನೂ ಆಳಕ್ಕೆ ಇಳಿದರು. 2007ರ ಸುಮಾರಿಗೆ ಪ್ರಕಟವಾದ ಅವರ ಲೇಖನಗಳು ಮೂರು ಬೇರುಗಳ ಸುತ್ತ ಇವೆ: ಶುಂಠಿ, ಮಾವಿನ ಶುಂಠಿ, ಮಾಕಳಿ ಬೇರು. ಶುಂಠಿಗಳ ಫಿನಾಲಿಕ್ ಅಂಶಗಳು ಎರಡು ಕೆಲಸ ಒಟ್ಟಿಗೆ ಮಾಡುತ್ತವೆ ಎಂದು ಅವರು ಕಂಡರು. ಜಠರಕ್ಕೆ ಆಮ್ಲ ಸುರಿಯುವ ಪ್ರೋಟಾನ್ ಪಂಪನ್ನು ಅವು ತಡೆಯುತ್ತವೆ, ಪೈಲೋರಿಯ ಬೆಳವಣಿಗೆಯನ್ನೂ ತಡೆಯುತ್ತವೆ. ಮಾಕಳಿ ಬೇರಿನಿಂದ ಅವರು ತೆಗೆದದ್ದು ಫಿನಾಲ್ ಅಂಟಿಕೊಂಡ ಒಂದು ಪೆಕ್ಟಿನ್. ಇಲಿಗಳಲ್ಲಿ ಅದು ಆಮ್ಲ ತಗ್ಗಿಸಿತು, ಲೋಳೆ ಪದರವನ್ನು ಉಳಿಸಿತು, ಹುಣ್ಣನ್ನು ತಡೆಯಿತು. ಒಂದೇ ವಸ್ತು ಹಲವು ಬದಿಯಿಂದ ಹುಣ್ಣನ್ನು ಮುತ್ತುವುದು ಈ ಕೆಲಸದ ಹೆಚ್ಚುಗಾರಿಕೆ. ಆದರೆ ಪರೀಕ್ಷಾ ಕೊಳವೆಯಲ್ಲಿ ಶುಂಠಿಯ ಅಂಶ ಲ್ಯಾನ್ಸೊಪ್ರಜೋಲ್ ಮಾತ್ರೆಗಿಂತ ಹಲವು ಪಟ್ಟು ಚುರುಕು ಎಂಬ ಸಾಲನ್ನು ಮಾತ್ರ ಎತ್ತಿಕೊಂಡು ಹೊರಟರೆ ಮೋಸ ಹೋಗುತ್ತೇವೆ. ಲ್ಯಾನ್ಸೊಪ್ರಜೋಲ್ ಆಮ್ಲದ ಸಂಪರ್ಕ ಬಂದಾಗಲೇ ಸಕ್ರಿಯವಾಗುವ ಔಷಧಿ, ರಕ್ತದ ಮೂಲಕ ಸರಿಯಾದ ಜಾಗಕ್ಕೆ ಹೋಗಿ ಅಲ್ಲೇ ಕೂಡಿಕೊಳ್ಳುವಂತೆ ಕಟ್ಟಿದ್ದು. ಕೊಳವೆಯಲ್ಲಿ ಪಕ್ಕಪಕ್ಕ ಇಟ್ಟು ಅಳೆದ ಅಂತರ ಜಠರದಲ್ಲಿ ಹಾಗೇ ಉಳಿಯುವುದಿಲ್ಲ.

ಕೊಳವೆಯಿಂದ ಜಠರಕ್ಕೆ ಇಳಿದಾಗ ಆಗುವ ಪಾಡನ್ನು ಮ್ಯಾಸ್ಟಿಕ್‌ನ ಕತೆ ಚೆನ್ನಾಗಿ ತೋರಿಸುತ್ತದೆ. ಗ್ರೀಸಿನ ಕಿಯೋಸ್ ದ್ವೀಪದ ಮರವೊಂದರ ಗೋಂದು ಇದು. ಅಲ್ಲಿನವರು ಹೊಟ್ಟೆನೋವಿಗೆ ಅಗಿಯುತ್ತ ಬಂದಿದ್ದಾರೆ. 1998ರಲ್ಲಿ ಹೆಸರಾಂತ ವೈದ್ಯಪತ್ರಿಕೆಯೊಂದರಲ್ಲಿ ‘ಮ್ಯಾಸ್ಟಿಕ್ ಪೈಲೋರಿಯನ್ನು ಕೊಲ್ಲುತ್ತದೆ’ ಎಂಬ ಪುಟ್ಟ ಪತ್ರ ಬಂತು. ತಟ್ಟೆಯಲ್ಲಿ ನಡೆದ ಪ್ರಯೋಗ ಅದು. ಅಂಗಡಿಗಳಲ್ಲಿ ಕ್ಯಾಪ್ಸೂಲುಗಳು ಬಂದವು. ಐದು ವರ್ಷದ ನಂತರ ಬ್ರಿಟನ್ನಿನಲ್ಲಿ ಸೋಂಕಿತರಿಗೆ ಕೊಟ್ಟು ನೋಡಿದರೆ ಬ್ಯಾಕ್ಟೀರಿಯಾದ ಸಂಖ್ಯೆ ಇಳಿಯಲೇ ಇಲ್ಲ. ಇಲಿಗಳಲ್ಲೂ ಅದೇ ಕತೆ. ಬೆಳ್ಳುಳ್ಳಿಯ ಸರದಿ 1999ರಲ್ಲಿ ಬಂತು. ಅಮೆರಿಕದ ಡೇವಿಡ್ ಗ್ರಹಾಂ ತಂಡ 12 ಮಂದಿ ಸೋಂಕಿತರಿಗೆ ಊಟದ ಜೊತೆ ಹಸಿ ಬೆಳ್ಳುಳ್ಳಿಯ ಹತ್ತು ಎಸಳು, ಇನ್ನೊಮ್ಮೆ ಆರು ಹಸಿ ಮೆಣಸಿನಕಾಯಿ, ಮತ್ತೊಮ್ಮೆ ಬಿಸ್ಮತ್ ಕೊಟ್ಟು, ಸೋಂಕನ್ನು ಅಳೆಯುವ ಉಸಿರಿನ ಪರೀಕ್ಷೆ ಮಾಡಿತು. ಬಿಸ್ಮತ್ ಕೊಟ್ಟಾಗ ಮಾತ್ರ ಸೂಜಿ ಅಲುಗಿತು. ಅರಿಶಿನದ ಕುರ್ಕುಮಿನ್ ಕೂಡ ಪಾರಾಗಲಿಲ್ಲ. ಥಾಯ್ಲೆಂಡಿನಲ್ಲಿ 2010ರಲ್ಲಿ ಪ್ರಕಟವಾದ ಪುಟ್ಟ ಪ್ರಯೋಗದಲ್ಲಿ ಮಾಮೂಲಿ ಔಷಧಿ ಶೇ. 79ರಷ್ಟು ಮಂದಿಯಲ್ಲಿ ಸೋಂಕನ್ನು ತೆಗೆದರೆ ಕುರ್ಕುಮಿನ್ ತೆಗೆದದ್ದು ಶೇ. 6ರಷ್ಟರಲ್ಲಿ. ಇಟಲಿಯ ಇನ್ನೊಂದು ಪ್ರಯೋಗದಲ್ಲಿ ಕುರ್ಕುಮಿನ್ ಇದ್ದ ಮಿಶ್ರಣ ಕೊಟ್ಟ 25 ಮಂದಿಯಲ್ಲಿ ಸೋಂಕು ಹೋದದ್ದು ಮೂವರಿಗೆ. ಆದರೆ ಅದೇ ಪ್ರಯೋಗದಲ್ಲಿ ಹೊಟ್ಟೆಯ ಉಪದ್ರವ ಹಲವರಿಗೆ ಇಳಿದಿತ್ತು. ಗಮನಿಸಬೇಕಾದ ವ್ಯತ್ಯಾಸ.

ತಟ್ಟೆಯಲ್ಲಿ ಸಾಯುವುದು ಹೊಟ್ಟೆಯಲ್ಲಿ ಯಾಕೆ ಸಾಯುವುದಿಲ್ಲ? ತಟ್ಟೆಯಲ್ಲಿ ಬ್ಯಾಕ್ಟೀರಿಯಾ ದಿನಗಟ್ಟಲೆ ಔಷಧಿಯಲ್ಲೇ ಮುಳುಗಿರುತ್ತದೆ. ಹೊಟ್ಟೆಯಲ್ಲಿ ಕಷಾಯ ನಿಲ್ಲುವುದು ಒಂದೆರಡು ಗಂಟೆ, ಅದೂ ಅನ್ನ ಸಾರಿನ ಜೊತೆ ಕಲಸಿಹೋಗಿ. ಲೋಳೆಯ ಅಡಿಗೆ ಇಳಿದು ಗ್ರಂಥಿಗಳ ಸಂದಿಯಲ್ಲಿ ಕೂತ ಜೀವಿಗೆ ಅದರ ತೊಟ್ಟೂ ತಾಗುವುದಿಲ್ಲ. ಮೇಲಿನಿಂದ ತಲುಪದಿದ್ದರೆ ರಕ್ತದ ಮೂಲಕ ತಲುಪಬೇಕು. ಕುರ್ಕುಮಿನ್‌ನಂಥವು ರಕ್ತಕ್ಕೆ ಸೇರುವುದೇ ಅತ್ಯಲ್ಪ, ಸೇರಿದ್ದನ್ನೂ ಯಕೃತ್ತು ಬೇಗ ಬದಲಾಯಿಸಿ ಹೊರಹಾಕುತ್ತದೆ. ಆಂಟಿಬಯೋಟಿಕ್‌ಗಳಿಗೂ ಇಲ್ಲಿ ಇದೇ ಪಾಡು. ಅದಕ್ಕೇ ಒಂದು ಸಾಲದೆ ಮೂರು ನಾಲ್ಕು ಕೂಡಿಸಿ ಕೊಡುವುದು.

ಅಷ್ಟರಿಂದ ಎಲ್ಲವೂ ಸೋತವು ಎಂದು ಕಡತ ಮುಚ್ಚಲೂ ಆಗದು. ಜಪಾನಿನಲ್ಲಿ 48 ಮಂದಿ ಸೋಂಕಿತರ ಪ್ರಯೋಗದಲ್ಲಿ ದಿನಕ್ಕೆ 70 ಗ್ರಾಂ ಬ್ರೊಕೋಲಿ ಮೊಳಕೆ ತಿಂದವರಿಗೆ ಎಂಟು ವಾರದಲ್ಲಿ ಬ್ಯಾಕ್ಟೀರಿಯಾದ ಗುರುತುಗಳೂ ಉರಿಯೂತದ ಗುರುತುಗಳೂ ಇಳಿದವು. ತಿನ್ನುವುದು ನಿಲ್ಲಿಸಿದ ಎರಡು ತಿಂಗಳಿಗೆ ಎಲ್ಲ ಮೊದಲಿನಂತೆ. ಅಂದರೆ ಸಲ್ಫೊರಾಫೇನ್ ಎಂಬ ಸತ್ವ ಬ್ಯಾಕ್ಟೀರಿಯಾವನ್ನು ತುಳಿದಿಟ್ಟಿತ್ತು, ತೆಗೆದುಹಾಕಿರಲಿಲ್ಲ. ಸೌದಿ ಅರೇಬಿಯಾದಲ್ಲಿ 88 ಮಂದಿಯ ಪ್ರಯೋಗದಲ್ಲಿ ದಿನಕ್ಕೆ ಎರಡು ಗ್ರಾಂ ಕರಿಜೀರಿಗೆಯನ್ನು ಒಮೆಪ್ರಜೋಲ್ ಜೊತೆ ಕೊಟ್ಟಾಗ ಶೇ. 67ರಷ್ಟು ಮಂದಿಗೆ ಸೋಂಕು ಹೋಯಿತು; ಮಾಮೂಲಿ ಔಷಧಿಯಲ್ಲಿ ಶೇ. 83. ವಿಚಿತ್ರವೆಂದರೆ ಪ್ರಮಾಣ ಮೂರು ಗ್ರಾಂಗೆ ಏರಿಸಿದಾಗ ಫಲ ಶೇ. 48ಕ್ಕೆ ಇಳಿಯಿತು. ಗುಂಪಿಗೆ ಇಪ್ಪತ್ತು ಚಿಲ್ಲರೆ ಮಂದಿ ಇದ್ದಾಗ ಇಂಥ ಏರಿಳಿತ ಸಹಜ. ಇಂಥ ಸಣ್ಣ ಪ್ರಯೋಗದ ಮೇಲೆ ಯಾರೂ ತಮ್ಮ ಚಿಕಿತ್ಸೆಯನ್ನು ಪಣಕ್ಕಿಡಬಾರದು.

ಒಂಟಿ ಸಸ್ಯಗಳಲ್ಲಿ ಗಟ್ಟಿಯಾದ ಪುರಾವೆ ಇರುವುದು ಅತಿಮಧುರಕ್ಕೆ, ಮತ್ತು ಅದರಲ್ಲಿ ಬೆಂಗಳೂರಿನ ಪಾಲಿದೆ. ಗ್ರಂದಿಗೆ ಅಂಗಡಿಯಲ್ಲಿ ಅತಿಮಧುರ, ಜ್ಯೇಷ್ಠಮಧು, ಯಷ್ಟಿಮಧು ಎಂದು ಯಾವ ಹೆಸರಿನಿಂದ ಕೇಳಿದರೂ ಅದೇ ಹಳದಿ ಬೇರನ್ನು ಕೊಡುತ್ತಾರೆ. ಇದು ನಮ್ಮ ಹೊಲದ ಬೆಳೆಯಲ್ಲ. ಬಹುಪಾಲು ಅಫ್ಘಾನಿಸ್ತಾನ, ಮಧ್ಯ ಏಷ್ಯಾದ ಕಡೆಯಿಂದ ಬರುವ ಸರಕು. 1940ರ ದಶಕದಲ್ಲಿ ರೆವರ್ಸ್ ಎಂಬ ಡಚ್ ವೈದ್ಯ ಇದರಿಂದ ಹುಣ್ಣು ಮಾಯುವುದನ್ನು ಗಮನಿಸಿದ. ಇದರ ಗ್ಲಿಸರೈಜಿನ್ ಎಂಬ ಸಿಹಿ ಅಂಶದಿಂದ ತಯಾರಾದ ಕಾರ್ಬೆನಾಕ್ಸೊಲೋನ್ 1960ರ ದಶಕದಲ್ಲಿ ಹುಣ್ಣಿನ ಔಷಧಿಯಾಗಿ ಬಳಕೆಗೆ ಬಂತು. ಆದರೆ ಅದೇ ಅಂಶ ಮೈಯಲ್ಲಿ ಉಪ್ಪುನೀರು ನಿಲ್ಲಿಸಿ, ಪೊಟ್ಯಾಸಿಯಂ ಇಳಿಸಿ, ಬಿ.ಪಿ. ಏರಿಸುತ್ತದೆ. ಆ ಕಾರಣಕ್ಕೆ ಗ್ಲಿಸರೈಜಿನ್ ಬಹಳಷ್ಟು ತೆಗೆದು, ಫ್ಲೇವನಾಯ್ಡ್‌ಗಳನ್ನು ಉಳಿಸಿಕೊಂಡ ಸತ್ವ ತಯಾರಿಸುವ ಪ್ರಯತ್ನ ನಡೆಯಿತು. ಬೆಂಗಳೂರಿನ ನ್ಯಾಚುರಲ್ ರೆಮಿಡೀಸ್ ಕಂಪನಿ ಇಂಥದ್ದೊಂದನ್ನು ಗಟ್‌ಗಾರ್ಡ್ ಎಂಬ ಹೆಸರಿನಲ್ಲಿ ತಂದಿತು. 107 ಮಂದಿಯ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ 150 ಮಿಲಿಗ್ರಾಂನಂತೆ 60 ದಿನ ಇದನ್ನು ಕೊಟ್ಟರು. ಯಾರಿಗೆ ಔಷಧಿ, ಯಾರಿಗೆ ಸಪ್ಪೆ ಗುಳಿಗೆ ಎಂಬುದು ರೋಗಿಗೂ ವೈದ್ಯರಿಗೂ ತಿಳಿಯದ ಹಾಗೆ. ಕೊನೆಯಲ್ಲಿ ಉಸಿರಿನ ಪರೀಕ್ಷೆ ನೆಗೆಟಿವ್ ಬಂದವರು ಔಷಧಿಯ ಗುಂಪಿನಲ್ಲಿ ಶೇ. 48, ಸಪ್ಪೆ ಗುಳಿಗೆಯ ಗುಂಪಿನಲ್ಲಿ ಶೇ. 2.

ಈ ಅಂತರ ಸಣ್ಣದಲ್ಲ. ಆದರೂ ಎರಡು ಮಾತು ಹೇಳಲೇಬೇಕು. ಲೇಖಕರಲ್ಲಿ ತಯಾರಕ ಕಂಪನಿಯ ಸಂಶೋಧಕರೂ ಇದ್ದಾರೆ. ಅದೊಂದೇ ಕಾರಣಕ್ಕೆ ಫಲಿತಾಂಶ ಸುಳ್ಳಾಗುವುದಿಲ್ಲ, ಆದರೆ ಬೇರೆಯವರ ಕೈಯಲ್ಲೂ ಅದೇ ಫಲ ಬರಬೇಕೆಂದು ಓದುಗರು ಕೇಳಬಹುದು. ಎರಡನೆಯದು ಹೆಚ್ಚು ಮುಖ್ಯ. ಪರೀಕ್ಷೆ ಮಾಡಿದ್ದು 60ನೇ ದಿನ, ಔಷಧಿ ಇನ್ನೂ ಹೊಟ್ಟೆಯಲ್ಲಿ ಇರುವಾಗಲೇ. ಸೋಂಕು ನಿಜಕ್ಕೂ ಹೋಯಿತು ಎನ್ನಲು ಔಷಧಿ ನಿಲ್ಲಿಸಿ ನಾಲ್ಕು ವಾರವಾದರೂ ಕಾಯುವುದು ವಾಡಿಕೆ. ಬ್ರೊಕೋಲಿ ತಿಂದವರ ಕತೆ ನೆನಪಿದ್ದರೆ ಆ ಶೇ. 48ರಲ್ಲಿ ಎಷ್ಟು ನಿರ್ಮೂಲ, ಎಷ್ಟು ತಾತ್ಕಾಲಿಕ ತುಳಿತ ಎಂಬ ಸಂದೇಹ ಏಳದೆ ಇರದು. ಸೋಂಕಿನ ಮಾತು ಬಿಟ್ಟು ಬರೀ ಅಜೀರ್ಣದ ಉಪದ್ರವಗಳಿಗೆ ಬೆಂಗಳೂರಿನಲ್ಲೇ ಕೆ. ಆರ್. ರವೀಂದ್ರ ಮತ್ತಿತರರು 50 ಮಂದಿಯ ಮೇಲೆ ಇದೇ ಸತ್ವದ ಪ್ರಯೋಗ ನಡೆಸಿ 2012ರಲ್ಲಿ ಪ್ರಕಟಿಸಿದರು. ಅಲ್ಲೂ ಅದು ಸಪ್ಪೆ ಗುಳಿಗೆಗಿಂತ ಮೇಲಾಯಿತು.

ಕೊಲ್ಲುವ ಕೆಲಸದಲ್ಲಿ ಗಿಡಕ್ಕೆ ನ್ಯಾಯವಾಗಿ ಸಿಗಬಹುದಾದ ಜಾಗ ಸಹಾಯಕನದು ಎಂದು ನನಗನಿಸುತ್ತದೆ. ಅದಕ್ಕೆ ಒಳ್ಳೆಯ ಉದಾಹರಣೆ ಚೀನಾದಲ್ಲಿ ಪರೀಕ್ಷಿಸಿದ ಬರ್ಬರಿನ್ ಎಂಬ ಸಸ್ಯಸತ್ವ. 612 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಾಲ್ಕು ಔಷಧಿಯ ಚಿಕಿತ್ಸೆಯಲ್ಲಿ ಬಿಸ್ಮತ್ ತೆಗೆದು ಆ ಜಾಗಕ್ಕೆ ಬರ್ಬರಿನ್ ಹಾಕಿದರು. ಫಲ ಹೆಚ್ಚುಕಡಿಮೆ ಸಮ. ಆಂಟಿಬಯೋಟಿಕ್‌ಗಳು ಜೊತೆಗಿದ್ದೇ ಇದ್ದವು ಎಂಬುದನ್ನು ಮರೆಯದಿದ್ದರೆ ಸಾಕು. ಬರ್ಬರಿನ್ ನಮ್ಮ ಪಶ್ಚಿಮಘಟ್ಟದ ಮರದರಿಶಿನದಲ್ಲೂ ಇದೆ. ಆದರೆ ಆ ಬಳ್ಳಿ ಬಲು ನಿಧಾನಕ್ಕೆ ಬೆಳೆಯುವಂಥದ್ದು, ಕಡಿದು ಕಡಿದು ಅಳಿವಿನ ಅಂಚಿಗೆ ಬಂದಿದೆ. ಉಪ್ಪಿನಕಾಯಿಗೆಂದು ಬುಡಸಮೇತ ಕೀಳುವ ಮಾಕಳಿ ಬೇರಿನದೂ ಇದೇ ಸ್ಥಿತಿ. ಹೊಟ್ಟೆ ಹುಣ್ಣಿಗೆ ಒಳ್ಳೆಯದು ಎಂಬ ಸುದ್ದಿ ಹಬ್ಬಿದರೆ ಮೊದಲು ಅಳಿಯುವುದು ಬ್ಯಾಕ್ಟೀರಿಯಾ ಆಗಿರಲಾರದು.

ಇನ್ನು ಕಾಯುವ ಕೆಲಸ. ಗಂಟು ಹಾಕಿಟ್ಟ ಪ್ರಶ್ನೆಯನ್ನು ಬಿಚ್ಚುವ ಹೊತ್ತು ಬಂತು: ಸೋಂಕು ಇದ್ದವರೆಲ್ಲರಿಗೂ ಹುಣ್ಣು ಯಾಕೆ ಆಗುವುದಿಲ್ಲ?

ಫ್ರಾಂಕ್ ತೊವೇ 1950–60ರ ದಶಕಗಳಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿದ್ದ ಬ್ರಿಟಿಷ್ ಶಸ್ತ್ರವೈದ್ಯ. ಊರಿನವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. ಕರುಳಿನ ಹುಣ್ಣಿನಿಂದ ದಾರಿ ಕಟ್ಟಿಹೋಗಿ ಉಂಡದ್ದನ್ನೆಲ್ಲ ಕಾರುವ ರೋಗಿಗಳು ಅವರ ಮೇಜಿಗೆ ಬರುತ್ತಿದ್ದರು. ಪೈಲೋರಿಯ ಹೆಸರೇ ಇಲ್ಲದ ಕಾಲ. ಹುಣ್ಣಿಗೆ ಚಿಂತೆ ಮತ್ತು ಖಾರ ಕಾರಣ ಎಂಬ ಮಾತು ಎಲ್ಲೆಡೆ ಇತ್ತು. ಖಾರದ ಮೇಲಿನ ಈ ಆಪಾದನೆಗೆ ಇವತ್ತೂ ಗಟ್ಟಿ ಆಧಾರವಿಲ್ಲ. ಉಪ್ಸಾರಿನ ಖಾರ ಉರಿಯನ್ನು ಹೆಚ್ಚಿಸೀತು, ಹುಣ್ಣು ತರುತ್ತದೆ ಎನ್ನಲಾಗದು. ತೊವೇ ದೇಶದ ಬೇರೆಬೇರೆ ಕಡೆಯ ಆಸ್ಪತ್ರೆಗಳಿಂದ ಲೆಕ್ಕ ತರಿಸಿ ನಕ್ಷೆ ಮಾಡಿದರು. 1979ರಲ್ಲಿ ಭಾರತ ಮತ್ತು ಬಾಂಗ್ಲಾದೇಶದ ಹುಣ್ಣಿನ ಹಂಚಿಕೆಯ ಕುರಿತ ಅವರ ಲೇಖನ ಬಂತು. ಅನ್ನವೇ ಮುಖ್ಯವಾದ ದಕ್ಷಿಣದ, ಪೂರ್ವದ ಸೀಮೆಗಳಲ್ಲಿ ಹುಣ್ಣು ಹೆಚ್ಚು. ಗೋಧಿ, ಸಿರಿಧಾನ್ಯ, ಕಾಳುಗಳನ್ನು ಮುಖ್ಯವಾಗಿ ಉಣ್ಣುವ ಕಡೆ ಕಡಿಮೆ.

ರೈಲ್ವೆ ವೈದ್ಯ ಎಸ್. ಎಲ್. ಮಲ್ಹೋತ್ರ ಇನ್ನೊಂದು ದಾರಿಯಿಂದ ಇದೇ ಜಾಗಕ್ಕೆ ಬಂದಿದ್ದರು. ಉತ್ತರದ ಮತ್ತು ದಕ್ಷಿಣದ ರೈಲ್ವೆ ನೌಕರರಿಗೆ ಸಂಬಳ, ಕೆಲಸ, ಪಾಳಿ ಎಲ್ಲ ಒಂದೇ ಆದರೂ ಹುಣ್ಣು ದಕ್ಷಿಣದವರಲ್ಲೇ ಹೆಚ್ಚು ಎಂಬುದನ್ನು ಅವರು 1960ರ ದಶಕದಲ್ಲಿ ತೋರಿಸಿದರು. ಆಮೇಲೆ ಹುಣ್ಣು ಮಾಯ್ದ 42 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಅನ್ನದ ಊಟ, ಇನ್ನೊಂದಕ್ಕೆ ತವುಡು ತೆಗೆಯದ ಗೋಧಿಯ ಊಟ ಹೇಳಿ ಐದು ವರ್ಷ ಹಿಂಬಾಲಿಸಿದರು. 1978ರಲ್ಲಿ ಪ್ರಕಟವಾದ ಫಲಿತಾಂಶ: ಅನ್ನದವರಲ್ಲಿ ಶೇ. 81 ಮಂದಿಗೆ ಹುಣ್ಣು ಮರಳಿತು, ಗೋಧಿಯವರಲ್ಲಿ ಶೇ. 14. ಚಪಾತಿ ಹೆಚ್ಚು ಅಗಿಯುವುದರಿಂದ ಜೊಲ್ಲು ಸೇರಿ ಹೊಟ್ಟೆ ಉಳಿಯುತ್ತದೆ ಎಂದು ಮಲ್ಹೋತ್ರ ಭಾವಿಸಿದ್ದರು. ಅಗಿಯದೆ ನುಂಗುವ ರಾಗಿಮುದ್ದೆಯ ನಾಡಿನವರಾದ ನಮಗೆ ಆ ವಿವರಣೆ ಅಷ್ಟು ಹಿಡಿಸುವುದಿಲ್ಲ.

ತೊವೇ ವಿವರಣೆಯನ್ನು ಧಾನ್ಯದೊಳಗೇ ಹುಡುಕಿದರು. ಇಂಗ್ಲೆಂಡಿಗೆ ಮರಳಿದ ಮೇಲೆ ಎ. ಪಿ. ಜಯರಾಜ್ ಮತ್ತಿತರರ ಜೊತೆ, ಹುಣ್ಣು ಕಡಿಮೆ ಇರುವ ಸೀಮೆಗಳ ಊಟದ ಪದಾರ್ಥಗಳನ್ನು ಇಲಿಗಳಿಗೆ ತಿನ್ನಿಸಿ, ಆಮೇಲೆ ಹುಣ್ಣು ಬರಿಸಿ ನೋಡುವ ಪ್ರಯೋಗಗಳನ್ನು ನಡೆಸಿದರು. ಕೆಲವು ಧಾನ್ಯ, ಕಾಳುಗಳು ಕಾಪಾಡಿದವು. ಅವುಗಳಲ್ಲಿ ಅವರು ಹೆಚ್ಚು ಕಾಲ ಬೆನ್ನುಹತ್ತಿದ್ದು ಹುರುಳಿಯನ್ನು. ಕಾಪಾಡುವ ಗುಣ ಕಾಳಿನ ಕೊಬ್ಬಿನ ಅಂಶದಲ್ಲಿತ್ತು. ಅದನ್ನು ಬಿಡಿಸುತ್ತ ಹೋದಾಗ ಸಿಕ್ಕವು ಫಾಸ್ಫೊಲಿಪಿಡ್‌ಗಳು ಮತ್ತು ಬೀಟಾ ಸಿಟೊಸ್ಟೆರಾಲ್‌ನಂಥ ಸಸ್ಯ ಸ್ಟೆರಾಲ್‌ಗಳು. ಇಲಿಗಳಲ್ಲಿ ಈ ಅಂಶ ಹುಣ್ಣನ್ನು ತಡೆದದ್ದಲ್ಲದೆ ಆದ ಹುಣ್ಣು ಮಾಯಲೂ ನೆರವಾಯಿತು, ನೋವಿನ ಮಾತ್ರೆಗಳಿಂದ ಆಗುವ ಹಾನಿಯಿಂದಲೂ ಕಾಯಿತು. ಜಠರದ ಗೋಡೆಯ ಮೇಲೆ ಸಹಜವಾಗಿಯೇ ಫಾಸ್ಫೊಲಿಪಿಡ್‌ನ ತೆಳು ಪದರವಿದ್ದು, ಅದು ತಾರಸಿಗೆ ಬಳಿದ ಡಾಂಬರಿನಂತೆ ಆಮ್ಲವನ್ನು ಒಳಕ್ಕೆ ಇಳಿಯಗೊಡುವುದಿಲ್ಲ; ಊಟದ ಫಾಸ್ಫೊಲಿಪಿಡ್ ಅದನ್ನು ಗಟ್ಟಿ ಮಾಡುತ್ತದೆಂಬುದು ತರ್ಕ.

ಪೈಲೋರಿ ಪತ್ತೆಯಾದ ಮೇಲೆ ಈ ಕೆಲಸವೆಲ್ಲ ಮೂಲೆ ಸೇರಿತು. ತೊವೇ ಸುಮ್ಮನಾಗಲಿಲ್ಲ. ಹುಣ್ಣು ಹೆಚ್ಚಿರುವ ಸೀಮೆಯಲ್ಲೂ ಕಡಿಮೆ ಇರುವ ಸೀಮೆಯಲ್ಲೂ ಸೋಂಕು ಹೆಚ್ಚುಕಡಿಮೆ ಸಮನಾಗಿಯೇ ಇದೆ, ಹಾಗಿದ್ದರೆ ಅಂತರಕ್ಕೆ ಸೋಂಕು ಹೇಗೆ ಕಾರಣವಾದೀತು ಎಂದು ಇಳಿವಯಸ್ಸಿನವರೆಗೂ ಬರೆಯುತ್ತಲೇ ಇದ್ದರು. ಸೋಂಕು ಹುಣ್ಣಿಗೆ ಮೂಲ ಕಾರಣವೇ ಅಲ್ಲ ಎನ್ನುವ ಮಟ್ಟಕ್ಕೆ ಅವರು ಹೋದದ್ದನ್ನು ಹೆಚ್ಚಿನ ತಜ್ಞರು ಒಪ್ಪಲಿಲ್ಲ. ಸೋಂಕು ತೆಗೆದರೆ ಹುಣ್ಣು ಮರಳುವುದು ನಿಲ್ಲುತ್ತದೆ ಎಂಬ ಪುರಾವೆ ಬೆಟ್ಟದಷ್ಟಿರುವಾಗ ನಾನೂ ಅಲ್ಲಿಗೆ ಹೋಗಲಾರೆ. ಆದರೆ ಅವರ ಪ್ರಶ್ನೆಯ ಅರ್ಧ ಭಾಗ ಇನ್ನೂ ನಿಂತೇ ಇದೆ. ಬ್ಯಾಕ್ಟೀರಿಯಾ ಇದ್ದೂ ಹೊಟ್ಟೆ ಹೇಗೆ ತಡೆದುಕೊಳ್ಳುತ್ತದೆ ಎಂಬುದರಲ್ಲಿ ಊಟದ ಪಾತ್ರವಿರಬಹುದು.

ಹಾಗೆಂದು ನಾಳೆಯಿಂದ ಹುರುಳಿ ಸಾರೇ ಔಷಧಿ ಎಂದು ಹೊರಡುವ ಮುನ್ನ ಆಯುರ್ವೇದದ ತಕರಾರನ್ನೂ ಕೇಳಬೇಕು. ಅಮ್ಲಪಿತ್ತದ ಪಥ್ಯ ಹೇಳುವ ಗ್ರಂಥಗಳಲ್ಲಿ ಹುರುಳಿ ಬೇಡದ ಪಟ್ಟಿಯಲ್ಲಿದೆ. ನಮ್ಮ ಅಜ್ಜಿಯರೂ ಹುರುಳಿಯನ್ನು ಉಷ್ಣ ಎಂದೇ ಹೇಳುವುದು, ಚಳಿಗಾಲಕ್ಕೆ ಮೀಸಲಿಡುವುದು. ಎರಡೂ ಮಾತು ನಿಜವಿರಲು ಸಾಧ್ಯ. ಇಡೀ ಕಾಳು ಬೇಯಿಸಿ ಹುಳಿ ಖಾರ ಹಾಕಿ ಉಂಡದ್ದು ಒಂದು, ಅದರ ಕೊಬ್ಬನ್ನು ಬೇರ್ಪಡಿಸಿ ಇಲಿಗೆ ಕೊಟ್ಟದ್ದು ಇನ್ನೊಂದು. ಉರಿ ಎನಿಸುವುದು ಒಂದು, ಹುಣ್ಣಾಗುವುದು ಇನ್ನೊಂದು. ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಎರಡು ತಲೆಮಾರಿನ ಹಿಂದೆ ದಿನಕ್ಕೆ ಎರಡು ಹೊತ್ತು ಮುದ್ದೆ, ವಾರಕ್ಕೊಮ್ಮೆಯಾದರೂ ಹುರುಳಿ. ಇವತ್ತು ಅನ್ನ ಹೆಚ್ಚಿದೆ, ಮಗ್ಗದ ಪಾಳಿಯವರ ಮತ್ತು ಕಾರ್ಖಾನೆಯವರ ಊಟದ ಹೊತ್ತು ತಪ್ಪಿದೆ, ಮಂಡಿನೋವಿಗೆ ನುಂಗುವ ಡೈಕ್ಲೊಫೆನಾಕ್ ಮಾತ್ರೆ ಮನೆಮನೆಯಲ್ಲಿದೆ. ಹುಣ್ಣಿಗೆ ಪೈಲೋರಿಯ ನಂತರದ ದೊಡ್ಡ ಕಾರಣ ಇದೇ ನೋವಿನ ಮಾತ್ರೆಗಳು. ಸೋಂಕು, ಮಾತ್ರೆ, ಬದಲಾದ ಊಟ, ಮೂರೂ ಒಂದೇ ಹೊಟ್ಟೆಯಲ್ಲಿ ಸೇರುವ ಈ ಸೀಮೆಯಲ್ಲಿ ಹುರುಳಿಯ ಕೊಬ್ಬಿನ ಪ್ರಯೋಗವನ್ನು ಮನುಷ್ಯರ ಮೇಲೆ ಸರಿಯಾಗಿ ನಡೆಸಿದರೆ, ನೂರನೆಯ ಸಲ ಅರಿಶಿನವನ್ನು ತಟ್ಟೆಗೆ ಹಾಕುವುದಕ್ಕಿಂತ ಹೆಚ್ಚು ತಿಳಿದುಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ಅಂಥ ಪ್ರಯೋಗ ದೀರ್ಘಕಾಲ ಯಾಕೆ ನಡೆಯಬೇಕು ಎಂಬುದಕ್ಕೆ ಚೀನಾದ ಲಿಂಚೂ ಸೀಮೆಯೇ ಸಾಕ್ಷಿ. ಹೊಟ್ಟೆಯ ಕ್ಯಾನ್ಸರ್ ಹೆಚ್ಚಿದ್ದ ಅಲ್ಲಿ 1995ರಲ್ಲಿ 3,365 ಮಂದಿಯನ್ನು ಸೇರಿಸಿಕೊಂಡು, ಕೆಲವರಿಗೆ ಎರಡು ವಾರದ ಆಂಟಿಬಯೋಟಿಕ್ ಚಿಕಿತ್ಸೆ, ಕೆಲವರಿಗೆ ಏಳು ವರ್ಷಕ್ಕೂ ಮೀರಿ ಬೆಳ್ಳುಳ್ಳಿಯ ಸತ್ವ, ಕೆಲವರಿಗೆ ವಿಟಮಿನ್ ಕೊಟ್ಟರು. 22 ವರ್ಷದ ಲೆಕ್ಕ 2019ರಲ್ಲಿ ಬಂತು. ಎರಡು ವಾರದ ಚಿಕಿತ್ಸೆ ಕ್ಯಾನ್ಸರನ್ನು ಅರ್ಧಕ್ಕೆ ಇಳಿಸಿತ್ತು. ಬೆಳ್ಳುಳ್ಳಿ ಹೊಸ ಕ್ಯಾನ್ಸರನ್ನು ನಿಚ್ಚಳವಾಗಿ ಇಳಿಸದಿದ್ದರೂ ಹೊಟ್ಟೆಯ ಕ್ಯಾನ್ಸರಿನಿಂದ ಆಗುವ ಸಾವನ್ನು ಸುಮಾರು ಮೂರನೇ ಒಂದು ಭಾಗ ಇಳಿಸಿತ್ತು. ಹನ್ನೆರಡು ಮಂದಿಯ ಉಸಿರಿನ ಪರೀಕ್ಷೆಯಲ್ಲಿ ಸೋತ ಬೆಳ್ಳುಳ್ಳಿ, ಎರಡು ದಶಕದ ಕೊನೆಗೆ ಬೇರೊಂದು ಪರೀಕ್ಷೆಯಲ್ಲಿ ಪಾಸಾಯಿತು.

ಕೈಯಲ್ಲಿ ಪಾಸಿಟಿವ್ ಚೀಟಿ ಹಿಡಿದವರ ಪ್ರಶ್ನೆಗೆ ಈಗ ನೇರವಾಗಿ ಉತ್ತರಿಸಬಹುದು. ಹುಣ್ಣು ಇದ್ದು ಸೋಂಕೂ ಖಚಿತವಾಗಿದ್ದರೆ ಹದಿನಾಲ್ಕು ದಿನದ ಮಾತ್ರೆಗೆ ಬದಲಿಯಾಗಿ ನಿಲ್ಲುವ ನಾಟಿ ಔಷಧಿ ಇಲ್ಲ. ಮಲ ಡಾಂಬರಿನ ಬಣ್ಣಕ್ಕೆ ತಿರುಗಿದರೆ, ರಕ್ತ ವಾಂತಿಯಾದರೆ, ತೂಕ ಇಳಿಯುತ್ತಿದ್ದರೆ, ನುಂಗಲು ಕಷ್ಟವಾದರೆ ಕಷಾಯ ಕಾಯಿಸುತ್ತ ಕೂರಬಾರದು. ಬಿಸ್ಮತ್ ಮಾತ್ರೆಯೂ ಮಲವನ್ನು ಕಪ್ಪು ಮಾಡುತ್ತದೆ. ಅದನ್ನು ನೋಡಿ ಗಾಬರಿಯಾಗಿ ಚಿಕಿತ್ಸೆ ಬಿಡುವುದೂ ಬೇಡ, ವೈದ್ಯರಿಗೆ ಒಂದು ಮಾತು ಕೇಳಿದರಾಯಿತು. ಜೀರಿಗೆ, ಶುಂಠಿ ಅಡುಗೆಯ ಅಳತೆಯಲ್ಲಿ ಜೊತೆಗಿರಲಿ, ಅಡ್ಡಿಯಿಲ್ಲ. ಬಿ.ಪಿ. ಇರುವವರು, ನೀರಿಳಿಯುವ ಮಾತ್ರೆ ನುಂಗುವವರು ಅತಿಮಧುರದ ಬೇರನ್ನು ದಿನವೂ ಅಗಿಯುವುದಾಗಲಿ ಕುದಿಸಿ ಕುಡಿಯುವುದಾಗಲಿ ಮಾಡಬಾರದು. ಕ್ಯಾಪ್ಸೂಲಿನ ರೂಪದ ಗಟ್ಟಿ ಸತ್ವಗಳನ್ನು ನುಂಗುತ್ತಿದ್ದರೆ ಅದನ್ನು ವೈದ್ಯರಿಂದ ಮುಚ್ಚಿಡಬೇಡಿ, ಕೆಲವು ಸತ್ವಗಳು ಬೇರೆ ಔಷಧಿಗಳ ಮಟ್ಟವನ್ನು ಏರುಪೇರು ಮಾಡುತ್ತವೆ.

ಮಾತ್ರೆ ಮುಗಿದ ಮೇಲೆ ಇನ್ನೊಂದು ಹೆಜ್ಜೆ ಉಳಿದಿರುತ್ತದೆ, ಬಹುಪಾಲು ಜನ ಅದನ್ನೇ ಬಿಡುತ್ತಾರೆ. ಸೋಂಕು ಹೋಯಿತೇ ಎಂದು ಉಸಿರಿನ ಅಥವಾ ಮಲದ ಪರೀಕ್ಷೆಯಲ್ಲಿ ನೋಡಬೇಕು. ಆಂಟಿಬಯೋಟಿಕ್, ಬಿಸ್ಮತ್ ನಿಲ್ಲಿಸಿ ನಾಲ್ಕು ವಾರ, ಆಮ್ಲದ ಮಾತ್ರೆ ನಿಲ್ಲಿಸಿ ಎರಡು ವಾರ ಕಳೆದಿರಬೇಕು. ಅತಿಮಧುರ, ಕರಿಜೀರಿಗೆ, ಬರ್ಬರಿನ್ ಸತ್ವಗಳನ್ನು ನುಂಗುತ್ತಿದ್ದವರು ಅವನ್ನೂ ಆ ನಾಲ್ಕು ವಾರ ನಿಲ್ಲಿಸಿ ಪರೀಕ್ಷೆಗೆ ಹೋಗುವುದು ಲೇಸು. ತುಳಿದಿಟ್ಟ ಬ್ಯಾಕ್ಟೀರಿಯಾ ಪರೀಕ್ಷೆಯ ಕಣ್ಣು ತಪ್ಪಿಸಿ, ನೆಗೆಟಿವ್ ಚೀಟಿ ಹಿಡಿದು ಮನೆಗೆ ಬಂದವರ ಹೊಟ್ಟೆಯಲ್ಲೇ ಮತ್ತೆ ತಲೆ ಎತ್ತಬಹುದು.